ವಾರಾಹಿ, ಶರಾವತಿ ಕಡೆ ಗಾಳ ಹಾಕಲು ಹೊರಟಿದ್ದೇವೆ: ಡ್ಯಾಮಿನ ನೀರು ಬರುವುದು ಮೊದಲೇ ಗೊತ್ತಾಗುವುದು ಹೇಗೆ?

ಉಳ್ಳಾಲದ ಗಾಳ · ಸೋಮವಾರ ರಾತ್ರಿ 9:20

ಎಲ್ಲರಿಗೂ ನಮಸ್ಕಾರ. ನೇತ್ರಾವತಿ ಅಳಿವೆಯಲ್ಲಿ ಹದಿನೈದು ವರ್ಷದಿಂದ ಗಾಳ ಹಾಕುತ್ತಿದ್ದೇನೆ. ಅಲ್ಲಿ ನೀರು ಏರುವುದು, ಇಳಿಯುವುದು ನನಗೆ ಬಾಯಿಪಾಠ. ಇವತ್ತಿನ ಉಬ್ಬರದ ಹೊತ್ತು ಗೊತ್ತಿದ್ದರೆ ನಾಳೆಯದ್ದು ಅದಕ್ಕಿಂತ ಮುಕ್ಕಾಲು ಗಂಟೆ, ಐವತ್ತು ನಿಮಿಷ ತಡ. ಅಷ್ಟೇ ಲೆಕ್ಕ.

ಆದರೆ ಡ್ಯಾಮಿನ ಕೆಳಗಿನ ಹೊಳೆ ನನಗೆ ಅರ್ಥ ಆಗುವುದಿಲ್ಲ. ಈ ಶನಿವಾರ ನಾನು, ನನ್ನ ಭಾವ, ಅವರ ಹನ್ನೆರಡು ವರ್ಷದ ಮಗ ಮೂವರೂ ಕಾರಿನಲ್ಲಿ ಹೊರಡುತ್ತೇವೆ. ಬೆಳಿಗ್ಗೆ ಐದಕ್ಕೆ ಮಂಗಳೂರು ಬಿಟ್ಟು ಉಡುಪಿ, ಕುಂದಾಪುರ ದಾಟಿ ಸಿದ್ದಾಪುರ ಕಡೆ ತಿರುಗಿ ಶನಿವಾರ ಇಡೀ ವಾರಾಹಿ ಬದಿಯಲ್ಲಿ. ಭಾನುವಾರ ಮತ್ತೆ ಹೆದ್ದಾರಿ 66 ಹಿಡಿದು ಭಟ್ಕಳ, ಹೊನ್ನಾವರ. ಸಾಧ್ಯವಾದರೆ ಗೇರುಸೊಪ್ಪೆ ತನಕ.

ಕೇಳಲು ಕಾರಣ ಉಂಟು. ಹೋದ ವರ್ಷ ಘಟ್ಟದ ಬುಡದ ಒಂದು ಹೊಳೆಯಲ್ಲಿ ಮೂವರೂ ನಡುವಿನ ಬಂಡೆಯ ಮೇಲೆ ಕೂತಿದ್ದೆವು. ಮೊಣಕಾಲುದ್ದ ನೀರಿನಲ್ಲಿ ನಡೆದೇ ಹೋದದ್ದು. ಆಕಾಶ ಸ್ವಚ್ಛ, ಎಲ್ಲಿಯೂ ಮೋಡ ಇಲ್ಲ. ಮಧ್ಯಾಹ್ನ ಬುತ್ತಿ ಬಿಚ್ಚಿ ತಿನ್ನುವಾಗ ಹುಡುಗ ಹೇಳಿದ, "ಮಾವ, ನನ್ನ ಚಪ್ಪಲಿ ತೇಲುತ್ತಾ ಉಂಟು" ಅಂತ. ಅವನು ಚಪ್ಪಲಿ ಬಿಟ್ಟದ್ದು ಒಣಗಿದ ಕಲ್ಲಿನ ಮೇಲೆ. ನಾನು ಎದ್ದು ನೋಡುವಾಗ ಬಂದ ದಾರಿಯಲ್ಲಿ ಸೊಂಟದಷ್ಟು ನೀರು, ಸೆಳೆತ ಬೇರೆ. ಹುಡುಗನನ್ನು ಹೆಗಲ ಮೇಲೆ ಕೂರಿಸಿ, ಭಾವನ ಕೈ ಹಿಡಿದು ದಾಟಿದೆ. ಚೀಲ, ಎರಡು ಗಾಳದ ಕೋಲು ಹೋದವು. ಹೋಗಲಿ. ಆ ಹತ್ತು ಹೆಜ್ಜೆ ಈಗಲೂ ರಾತ್ರಿ ನೆನಪಾಗುತ್ತದೆ.

ಹುಡುಗ ಮತ್ತೆ ಹೋಗುವ ಅಂತ ಹಠ ಹಿಡಿದಿದ್ದಾನೆ. ಬೇಡ ಅನ್ನಲು ಮನಸ್ಸಿಲ್ಲ. ಆದರೆ ಈ ಸಲ ನೀರನ್ನು ತಿಳಿದುಕೊಂಡೇ ಹೋಗಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಹೊಳೆಬದಿ ಹಾಲಾಡಿ · ಸೋಮವಾರ ರಾತ್ರಿ 10:05

ಓದಿ ಮೈ ಜುಂ ಅಂದಿತು ಮಾರಾಯ್ರೆ. ಮಗು ಕ್ಷೇಮವಾಗಿ ಬಂತಲ್ಲ, ಅದು ದೊಡ್ಡದು.

ನಾನು ಹುಟ್ಟಿದ್ದೇ ವಾರಾಹಿ ದಡದಲ್ಲಿ. ಮೊದಲನೆಯ ಮಾತು: ಹೊಳೆಗೆ ಇಳಿಯುವ ಮೊದಲು ಕಲ್ಲು ನೋಡಿ, ನೀರು ಅಲ್ಲ. ಬಂಡೆಯ ಮೈಮೇಲೆ ಗೆರೆ ಇರುತ್ತದೆ. ತೀರ ಕೆಳಗೆ ಪಾಚಿ ಹಿಡಿದ ಕಪ್ಪು ಹಸಿರು. ಅದರ ಮೇಲೆ ಕಂದು ಬಣ್ಣದ ಪಟ್ಟಿ, ಅಲ್ಲಿ ಮುಟ್ಟಿದರೆ ಹುಡಿಮಣ್ಣು ಬೆರಳಿಗೆ ಅಂಟುತ್ತದೆ. ಅದಕ್ಕೂ ಮೇಲೆ ಬಿಳಿಯ ಒಣ ಕಲ್ಲು, ಅಲ್ಲಲ್ಲಿ ಕಲ್ಲುಹೂವು. ನೀರು ದಿನಾ ಕಂದು ಪಟ್ಟಿಯ ತುದಿ ತನಕ ಬಂದು ಹೋಗುತ್ತದೆ ಅಂತ ಅರ್ಥ. ನೀವು ನಿಂತ ಜಾಗದಲ್ಲಿ ಆ ಪಟ್ಟಿ ನಿಮ್ಮ ಎದೆಯ ಮಟ್ಟದಲ್ಲಿದ್ದರೆ ಅದು ಕೂರುವ ಜಾಗ ಅಲ್ಲ.

ಎರಡನೆಯದು ಕಸದ ಗೆರೆ. ದಡದ ಪೊದೆಯಲ್ಲಿ ಒಣಹುಲ್ಲು, ಬಿದಿರೆಲೆ, ಪ್ಲಾಸ್ಟಿಕ್ ಸಿಕ್ಕಿಕೊಂಡಿರುತ್ತದೆ. ತುಂಬ ಎತ್ತರದಲ್ಲಿದ್ದು ಬೂದಿ ಬಣ್ಣಕ್ಕೆ ತಿರುಗಿದ್ದರೆ ಅದು ಮಳೆಗಾಲದ್ದು. ಕೆಳಗಿದ್ದು ಇನ್ನೂ ಹಸಿ ಇದ್ದರೆ ನಿನ್ನೆಯದ್ದು.

ನಮ್ಮ ಮನೆಯ ಹೆಂಗಸರು ಬಟ್ಟೆ ಒಗೆಯುವ ಕಲ್ಲನ್ನೂ ಈ ಲೆಕ್ಕದಲ್ಲೇ ಬದಲಾಯಿಸಿದವರು. ಅಜ್ಜಿಯ ಕಲ್ಲು ಹೊಳೆಯ ನಡುವೆ ಇತ್ತು, ಅಮ್ಮನ ಕಲ್ಲು ದಡಕ್ಕೆ ಬಂತು.

ಕರೆಂಟ್ ಅಣ್ಣ · ಮಂಗಳವಾರ ಬೆಳಿಗ್ಗೆ 6:40

ವಿದ್ಯುತ್ ಕೆಲಸದಲ್ಲಿ ಮೂವತ್ತು ವರ್ಷ ಕಳೆದು ಈಗ ಮಣಿಪಾಲದಲ್ಲಿ ಮಗಳ ಮನೆಯಲ್ಲಿ ಇದ್ದೇನೆ. ಮೇಲಿನವರು ಕಲ್ಲಿನ ಗೆರೆ ಹೇಳಿದರಲ್ಲ, ಆ ಗೆರೆ ಯಾಕೆ ಬಂತು ಅಂತ ನಾನು ಹೇಳುತ್ತೇನೆ.

ನೀವು ಅಳಿವೆಯಲ್ಲಿ ಚಂದ್ರನ ಲೆಕ್ಕ ಹಾಕುತ್ತೀರಿ. ಇಲ್ಲಿ ಸ್ವಿಚ್ಚಿನ ಲೆಕ್ಕ ಹಾಕಬೇಕು. ಮಾಣಿ ಡ್ಯಾಮ್ ಇರುವುದು ಘಟ್ಟದ ಮೇಲೆ, ಹೊಸನಗರ ತಾಲೂಕಿನಲ್ಲಿ. ಅಲ್ಲಿಂದ ನೀರು ಸುರಂಗದಲ್ಲಿ ಇಳಿದು ಹೊಸಂಗಡಿ ಹತ್ತಿರ ನೆಲದಡಿಯ ಪವರ್ ಹೌಸಿಗೆ ಬರುತ್ತದೆ. ತಲಾ 115 ಮೆಗಾವ್ಯಾಟಿನ ನಾಲ್ಕು ಯಂತ್ರ, ಒಟ್ಟು 460. ಯಂತ್ರ ತಿರುಗಿಸಿದ ನೀರು ಹೊರಗೆ ಬಂದು ಹೊಳೆ ಸೇರುತ್ತದೆ. ಒಂದು ಯಂತ್ರ ಓಡಿದರೆ ಹೊಳೆ ಒಂದು ಮಟ್ಟ, ನಾಲ್ಕೂ ಓಡಿದರೆ ಇನ್ನೊಂದು ಮಟ್ಟ. ಕಲ್ಲಿನ ಮೇಲೆ ಒಂದಕ್ಕಿಂತ ಜಾಸ್ತಿ ಪಟ್ಟಿ ಕಂಡರೆ ಅದಕ್ಕೆ ಇದೇ ಕಾರಣ.

ಕಲ್ಲಿದ್ದಲಿನ ಸ್ಥಾವರ ಬಿಸಿಯಾಗಿ ಕರೆಂಟ್ ಕೊಡಲು ಗಂಟೆಗಟ್ಟಲೆ ಬೇಕು. ನೀರಿನ ಯಂತ್ರಕ್ಕೆ ಕೆಲವೇ ನಿಮಿಷ ಸಾಕು. ಹಾಗಾಗಿ ಕರೆಂಟ್ ಜಾಸ್ತಿ ಬೇಕಾಗುವ ಹೊತ್ತಿಗೆ ನೀರನ್ನು ಕರೆಯುತ್ತಾರೆ: ಬೆಳಿಗ್ಗೆ ಗೀಸರ್, ಮಿಕ್ಸಿ, ಪಂಪು ಶುರುವಾಗುವಾಗ, ಮತ್ತೆ ಸಂಜೆ ದೀಪ ಹಚ್ಚುವಾಗ.

ಇನ್ನೊಂದು ವಿಷಯ ಗಮನಿಸಿ. ಈಗ ಪಾವಗಡದಂಥ ಕಡೆ ಸೋಲಾರ್ ದೊಡ್ಡದಾಗಿ ಬಂದಿದೆ, ಅಲ್ಲಿ ಒಂದೇ ಕಡೆ 2,050 ಮೆಗಾವ್ಯಾಟ್. ಹಗಲು ಬಿಸಿಲಿನ ಕರೆಂಟ್ ಸಿಗುವಾಗ ಡ್ಯಾಮಿನ ನೀರನ್ನು ಉಳಿಸಿ, ಬಿಸಿಲು ಇಳಿದ ಮೇಲೆ ಬಿಡುವುದು ಲಾಭ. ತುಮಕೂರಿನ ಬಿಸಿಲಿಗೂ ನಮ್ಮ ಕುಂದಾಪುರದ ಹೊಳೆಗೂ ಹೀಗೆ ಸಂಬಂಧ. ಮಧ್ಯಾಹ್ನ ಹೊಳೆ ತೆಳ್ಳಗಾಗಿ ಕಂಡರೆ ಖುಷಿಪಟ್ಟು ನಡುವಿಗೆ ಹೋಗಬೇಡಿ.

ಆದರೆ ತಮ್ಮ, ಇದು ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಅಲ್ಲ. ಎಲ್ಲಿಯೋ ದೂರದಲ್ಲಿ ಒಂದು ಸ್ಥಾವರ ಕೆಟ್ಟು ನಿಂತರೆ ಮಟಮಟ ಮಧ್ಯಾಹ್ನವೂ ಯಂತ್ರ ಶುರು ಮಾಡಬೇಕಾಗುತ್ತದೆ. ಹೋದ ವರ್ಷ ನಿಮಗೆ ಆದದ್ದು ಅಂಥದ್ದೇ ಇರಬೇಕು. ಭಾನುವಾರ ಬೇಡಿಕೆ ಸ್ವಲ್ಪ ಕಮ್ಮಿ ಇರುತ್ತದೆ, ಆದರೆ ಅದನ್ನು ನಂಬಿ ಮಗುವನ್ನು ನೀರಿಗೆ ಇಳಿಸಬೇಡಿ.

ಬೈಂದೂರು ಹುಡುಗ · ಮಂಗಳವಾರ ಬೆಳಿಗ್ಗೆ 8:15

ಕರೆಂಟ್ ಅಣ್ಣ, ಇಷ್ಟು ಸಲೀಸಾಗಿ ಯಾರೂ ಹೇಳಿಕೊಟ್ಟಿರಲಿಲ್ಲ. ಸೈರನ್ ಮಾಡುತ್ತಾರಲ್ಲ, ಅದು ಸಾಕಾಗುವುದಿಲ್ವಾ?

ಕರೆಂಟ್ ಅಣ್ಣ · ಮಂಗಳವಾರ ಬೆಳಿಗ್ಗೆ 8:50

ಸೈರನ್ ಹತ್ತಿರದವರಿಗೆ. ಹೊಳೆ ಎರಡು ತಿರುವು ತಿರುಗಿದ ಮೇಲೆ, ಗಾಳಿ ಆಚೆ ಬೀಸಿದರೆ, ನೀವು ಝರಿಯ ಪಕ್ಕ ಇದ್ದರೆ ಕೇಳಿಸುವುದಿಲ್ಲ. ಇನ್ನೊಂದು, ಸೈರನ್ ಕೇಳುವ ಹೊತ್ತಿಗೂ ನೀರು ನಿಮ್ಮಲ್ಲಿಗೆ ಮುಟ್ಟುವ ಹೊತ್ತಿಗೂ ನಡುವೆ ಅಂತರ ಇರುತ್ತದೆ. ಏನೂ ಆಗಲಿಲ್ಲವಲ್ಲ ಅಂತ ಜನ ಮತ್ತೆ ಕೂರುತ್ತಾರೆ. ಆಮೇಲೆ ನೀರು ಬರುತ್ತದೆ.

2014ರ ಜೂನ್ 8 ನೆನಪಿದೆಯಾ? ಹಿಮಾಚಲದ ಮಂಡಿ ಹತ್ತಿರ ಬಿಯಾಸ್ ನದಿಯಲ್ಲಿ ಹೈದರಾಬಾದಿನಿಂದ ಪ್ರವಾಸ ಬಂದಿದ್ದ 24 ಇಂಜಿನಿಯರಿಂಗ್ ವಿದ್ಯಾರ್ಥಿಗಳು ಹೋದರು. ಫೋಟೋ ತೆಗೆಯಲು ಕಲ್ಲುಗಳ ಮೇಲೆ ನಿಂತಿದ್ದ ಮಕ್ಕಳು. ಮೇಲಿನ ಡ್ಯಾಮಿನಿಂದ ನೀರು ಬಿಟ್ಟಿದ್ದರು. ಆ ವಿಡಿಯೋ ನೋಡಿದ ದಿನ ನಾನು ಊಟ ಮಾಡಲಿಲ್ಲ. ಪ್ರವಾಸಕ್ಕೆ ಬಂದವರಿಗೇ ಹೀಗಾಗುವುದು, ಯಾಕೆಂದರೆ ಊರಿನವರಿಗೆ ಹೊಳೆಯ ಹೊತ್ತು ಗೊತ್ತಿರುತ್ತದೆ.

ಉಳ್ಳಾಲದ ಗಾಳ · ಮಂಗಳವಾರ ಮಧ್ಯಾಹ್ನ 1:30

ಅಣ್ಣ, ನಿಮ್ಮ ಮಾತನ್ನು ಭಾವನಿಗೂ ಓದಿ ಹೇಳಿದೆ. ಈ ಸಲ ನಡುವಿನ ಬಂಡೆಗೆ ಕಾಲಿಡುವುದಿಲ್ಲ, ಮಾತು ಕೊಟ್ಟೆ. ಆದರೆ ಮೀನಿನ ವಿಷಯ? ಇಂಥ ಹೊಳೆಯಲ್ಲಿ ಮೀನು ಕಚ್ಚುವುದು ನೀರು ಏರುವಾಗಲಾ, ಇಳಿಯುವಾಗಲಾ?

ಬೀಸುಬಲೆ ಬಂಟ್ವಾಳ · ಮಂಗಳವಾರ ಮಧ್ಯಾಹ್ನ 2:10

ಏರುವಾಗ. ಅನುಮಾನವೇ ಇಲ್ಲ. ನೀರು ಅಂಚು ಮುಟ್ಟಿದ ಕೂಡಲೇ ಒಣ ಮಣ್ಣಿನ ಎರೆಹುಳ, ಇರುವೆ, ಹುಳ ಎಲ್ಲ ತೇಲುತ್ತವೆ. ಮೀನು ದಡಕ್ಕೆ ಬರುತ್ತದೆ.

ಹೊಳೆಬದಿ ಹಾಲಾಡಿ · ಮಂಗಳವಾರ ಮಧ್ಯಾಹ್ನ 2:45

ಮಳೆಗಾಲದ ಮೊದಲ ನೀರಿಗೆ ನೀವು ಹೇಳಿದ್ದು ನಿಜ, ಆಗ ಹತ್ತುಮೀನು ಗದ್ದೆ ತನಕ ಬರುತ್ತದೆ. ಡ್ಯಾಮಿನ ನೀರಿಗೆ ನಾನು ಒಪ್ಪುವುದಿಲ್ಲ. ಮೊದಲ ಹತ್ತು ಹದಿನೈದು ನಿಮಿಷ ಕಚ್ಚುತ್ತದೆ, ಆಮೇಲೆ ಸೆಳೆತ ಜಾಸ್ತಿಯಾಗಿ ಮೀನು ಕಲ್ಲಿನ ಹಿಂದೆ ಅಡಗುತ್ತದೆ. ಡ್ಯಾಮಿನ ಆಳದಿಂದ ಬರುವ ನೀರು ತಣ್ಣಗೆ ಬೇರೆ. ಕಾಲಿಟ್ಟರೆ ಗೊತ್ತಾಗುತ್ತದೆ, ಬೆರಳು ಸೆಟೆಯುತ್ತದೆ.

ನನಗೆ ಒಳ್ಳೆ ಮೀನು ಸಿಕ್ಕಿದ್ದು ನೀರು ಇಳಿದು ಗುಂಡಿಗಳು ಬೇರೆ ಬೇರೆಯಾಗಲು ಶುರುವಾದಾಗ. ಒಂದು ಗುಂಡಿಯಿಂದ ಇನ್ನೊಂದಕ್ಕೆ ಸಣ್ಣ ತೋಡಿನ ಹಾಗೆ ನೀರು ಹರಿಯುತ್ತದಲ್ಲ, ಅದರ ಬಾಯಿಯಲ್ಲಿ ಎರೆಹುಳ ಬಿಡಿ. ಸಂಜೆಯಾದರೆ ಮುಗುಡು ಬರುತ್ತದೆ. ಬೆಂಡು ಒಮ್ಮೆ ಅಲುಗಿದ ಕೂಡಲೇ ಎಳೆಯಬೇಡಿ. ಮುಗುಡು ಮೊದಲು ಮೂಸುತ್ತದೆ, ಆಮೇಲೆ ಒಂದೇ ಸಲ ಒಯ್ಯುತ್ತದೆ.

ಒಂದು ಕೋರಿಕೆ. ನೀರು ಪೂರ್ತಿ ಇಳಿದ ಮೇಲೆ ದಡದ ಸಣ್ಣ ಗುಂಡಿಗಳಲ್ಲಿ ಬೆರಳುದ್ದದ ಮರಿಗಳು ಸಿಕ್ಕಿಬಿದ್ದಿರುತ್ತವೆ. ಬಿಸಿಲು ಏರಿದರೆ ಸಾಯುತ್ತವೆ. ಬೊಗಸೆಯಲ್ಲಿ ಎತ್ತಿ ಹೊಳೆಗೆ ಬಿಡಿ. ಹುಡುಗನಿಗೆ ಈ ಕೆಲಸ ಕೊಡಿ, ಖುಷಿಯಾಗುತ್ತಾನೆ.

ಬೀಸುಬಲೆ ಬಂಟ್ವಾಳ · ಮಂಗಳವಾರ ಮಧ್ಯಾಹ್ನ 3:00

ನಾನು ನೋಡಿದ್ದು ತುಂಬೆ ಕಿಂಡಿ ಅಣೆಕಟ್ಟಿನ ಕಡೆಯ ನೀರು. ಅದು ಕುಡಿಯುವ ನೀರಿಗೆ ಕಟ್ಟಿದ್ದು, ಬೇಸಿಗೆ ಇಡೀ ನಿಂತ ನೀರು. ದಿನಕ್ಕೆ ಎರಡು ಸಲ ಏರುವ ಹೊಳೆ ನಿಮಗೇ ಚೆನ್ನಾಗಿ ಗೊತ್ತು. ನಿಮ್ಮ ಮಾತು ಒಪ್ಪಿದೆ.

ಬೆಳ್ತಂಗಡಿ ಅಕ್ಕ · ಮಂಗಳವಾರ ರಾತ್ರಿ 8:30

ಒಂದು ವಿಷಯ ಯಾರೂ ಹೇಳಲಿಲ್ಲ. ಎಲ್ಲಿ ಗಾಳ ಹಾಕಬಾರದು ಅಂತ.

ನಮ್ಮ ಶಿಶಿಲದಲ್ಲಿ ಕಪಿಲಾ ಹೊಳೆಯ ಮೀನು ದೇವರ ಮೀನು. ಪೆರುವೋಳು ಅನ್ನುತ್ತೇವೆ. ಮೆಟ್ಟಿಲಲ್ಲಿ ಕೂತು ಒಂದು ಹಿಡಿ ಚರುಮುರಿ ಹಾಕಿದರೆ ತೊಡೆ ಗಾತ್ರದ ಮೀನು ಒಂದರ ಮೇಲೆ ಒಂದು ಬೀಳುತ್ತವೆ. 1996ರಲ್ಲಿ ಯಾರೋ ವಿಷ ಹಾಕಿ ಸಾವಿರಗಟ್ಟಲೆ ಮೀನು ಸತ್ತವು. ನಾನು ಆಗ ಶಾಲೆಗೆ ಹೋಗುತ್ತಿದ್ದೆ. ಹೊಳೆ ಬೆಳ್ಳಗೆ ಕಾಣುತ್ತಿತ್ತು, ಎಲ್ಲ ಹೊಟ್ಟೆ ಮೇಲಾದ ಮೀನು. ಊರಿನ ದೊಡ್ಡವರು ಅತ್ತದ್ದನ್ನು ಅವತ್ತು ಮೊದಲ ಸಲ ನೋಡಿದೆ.

ಗಾಳಕ್ಕೆ ಪೆರುವೋಳು ಸಿಕ್ಕಿದರೆ ಎಲ್ಲಿಯೇ ಆಗಲಿ ಬಿಟ್ಟುಬಿಡಿ. ಅದು ನಿಧಾನವಾಗಿ ಬೆಳೆಯುವ ಮೀನು. ಮೊಟ್ಟೆ ಇಡಲು ಹೊಳೆಯಲ್ಲಿ ಮೇಲೆ ಹೋಗಬೇಕು, ಡ್ಯಾಮ್ ಅಡ್ಡ ಬಂದರೆ ಹೋಗುವ ದಾರಿಯೇ ಇಲ್ಲ. ಕೈ ಒದ್ದೆ ಮಾಡಿ ಹಿಡಿಯಿರಿ, ಒಣ ಕೈಗೆ ಅದರ ಮೈಯ ಲೋಳೆ ಕಿತ್ತು ಬರುತ್ತದೆ. ನೀರಿನಲ್ಲೇ ಗಾಳ ಬಿಡಿಸಿ, ಅದು ತಾನಾಗಿ ಈಜುವ ತನಕ ಹಿಡಿದುಕೊಳ್ಳಿ.

ಸಿದ್ದಾಪುರದಿಂದ ಮೇಲೆ ಹೋದ ಹಾಗೆ ಮೂಕಾಂಬಿಕಾ, ಸೋಮೇಶ್ವರ ಅಭಯಾರಣ್ಯಗಳು ಬರುತ್ತವೆ. ಅದರೊಳಗೆ ಗಾಳ ಹಾಕುವ ಹಾಗಿಲ್ಲ. ಗೇರುಸೊಪ್ಪೆಯಿಂದ ಮೇಲಿನ ಕಾಡೂ ಹಾಗೆಯೇ, ಶರಾವತಿ ಸಿಂಗಳೀಕ ಅಭಯಾರಣ್ಯ. ಗಡಿ ಎಲ್ಲಿ ಅಂತ ಅರಣ್ಯ ಇಲಾಖೆಯ ಚೆಕ್‌ಪೋಸ್ಟಿನಲ್ಲಿ ಕೇಳಿಕೊಂಡೇ ಹೋಗಿ.

ಉಳ್ಳಾಲದ ಗಾಳ · ಮಂಗಳವಾರ ರಾತ್ರಿ 9:10

ಅಕ್ಕ, ಖಂಡಿತ. ಸಿದ್ದಾಪುರದಿಂದ ಮೇಲೆ ಹೋಗುವುದಿಲ್ಲ. ಕೆಳಗಿನ ಬಯಲಲ್ಲೇ, ಊರಿನವರನ್ನು ಕೇಳಿಕೊಂಡು ಕೂರುತ್ತೇವೆ.

ಕಾಂಡ್ಲಾ ಹೊನ್ನಾವರ · ಬುಧವಾರ ಬೆಳಿಗ್ಗೆ 7:00

ಭಾನುವಾರ ನಮ್ಮ ಊರಿಗೆ ಬರುವವರು ನೀವೇ ಅಲ್ವಾ? ಸ್ವಾಗತ. ಆದರೆ ಗೇರುಸೊಪ್ಪೆ ಡ್ಯಾಮಿನ ಬುಡಕ್ಕೆ ಹೋಗುವ ಆಸೆ ಬಿಡಿ.

ನಮ್ಮ ಹೊಳೆಯ ಕಥೆ ಹೀಗೆ. 1964ರ ಲಿಂಗನಮಕ್ಕಿ ಡ್ಯಾಮಿನ ನೀರು ತಳಕಳಲೆ ಜಲಾಶಯಕ್ಕೆ, ಅಲ್ಲಿಂದ ಹತ್ತು ಯಂತ್ರಗಳ 1,035 ಮೆಗಾವ್ಯಾಟಿನ ಶರಾವತಿ ಪವರ್ ಹೌಸಿಗೆ. ಅಲ್ಲಿಂದ ಹೊರಬಿದ್ದ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೆ ತಡೆದು ಇನ್ನೊಮ್ಮೆ 240 ಮೆಗಾವ್ಯಾಟ್ ತೆಗೆಯುತ್ತಾರೆ. ಒಂದೇ ನೀರು ಎರಡು ಸಲ ದುಡಿದು ನಮ್ಮ ಊರಿಗೆ ಬರುತ್ತದೆ. ಅಲ್ಲಿಂದ ಸಮುದ್ರ ಸುಮಾರು 30 ಕಿಲೋಮೀಟರ್.

ಇದರಿಂದ ಆದದ್ದೇನು ಗೊತ್ತಾ? ಮೊದಲು ಬೇಸಿಗೆಯಲ್ಲಿ ಹೊಳೆ ಸಣ್ಣಗಾಗುತ್ತಿತ್ತು, ಉಪ್ಪುನೀರು ಒಳಗೆ ದೂರದ ತನಕ ಬರುತ್ತಿತ್ತು. ಈಗ ಏಪ್ರಿಲಿನಲ್ಲೂ ಮೇಲಿಂದ ಸಿಹಿನೀರು ದಬ್ಬುತ್ತಲೇ ಇರುತ್ತದೆ. ಅಳಿವೆಯ ನೀರು ಸಪ್ಪೆಯಾಯಿತು. ಬೆಳಚು ಅನ್ನುವ ಚಿಪ್ಪುಜೀವಿ, ನಿಮ್ಮಲ್ಲಿ ಮರುವಾಯಿ ಅನ್ನುತ್ತೀರಲ್ಲ, ಅದಕ್ಕೆ ಉಪ್ಪು ಬೇಕು. ನನ್ನ ಅತ್ತೆ ಮಾವಿನಕುರ್ವೆ ಕಡೆ ಇಳಿತದ ಹೊತ್ತಿಗೆ ಬುಟ್ಟಿ ಹಿಡಿದು ಇಳಿದರೆ ಒಂದು ಗಂಟೆಯಲ್ಲಿ ತುಂಬಿಸಿ ಬರುತ್ತಿದ್ದರು. ಈಗ ಬುಟ್ಟಿ ಅಟ್ಟದ ಮೇಲೆ ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಶರಾವತಿ, ಅಘನಾಶಿನಿ ಎರಡೂ ಅಳಿವೆಗಳನ್ನು ಅಧ್ಯಯನ ಮಾಡಿ ಇದನ್ನೇ ಹೇಳಿದ್ದಾರೆ: ಡ್ಯಾಮ್ ಇಲ್ಲದ ಅಘನಾಶಿನಿಯಲ್ಲಿ ಬೆಳಚು, ಮೀನು ಸಮೃದ್ಧ, ಶರಾವತಿಯಲ್ಲಿ ಉಪ್ಪು ಕಮ್ಮಿಯಾಗಿ ಅವೂ ಕಮ್ಮಿ.

ಕರೆಂಟ್ ಬೇಡ ಅಂತ ನಾನು ಹೇಳುವುದಿಲ್ಲ, ನನ್ನ ಮನೆಯ ದೀಪವೂ ಅದರಿಂದಲೇ. ಆದರೆ ಇದರ ಬೆಲೆಯನ್ನು ಅಳಿವೆಯ ಬಡವರು ಕೊಟ್ಟರು, ಅದು ಯಾವ ಬಿಲ್ಲಿನಲ್ಲೂ ಬರುವುದಿಲ್ಲ.

ನನ್ನ ಸಲಹೆ: ಬೆಳಿಗ್ಗೆ ಹೊನ್ನಾವರದಲ್ಲಿ ಹೊಳೆ ನೋಡಿ, ತಿಂಡಿ ತಿನ್ನಿ. ಅಲ್ಲಿಂದ ಇಪ್ಪತ್ತು ಕಿಲೋಮೀಟರ್ ಕುಮಟಾ, ಅದರಾಚೆ ಮಿರ್ಜಾನ್ ಕಡೆ ಅಘನಾಶಿನಿ. ಅಲ್ಲಿ ನಿಮ್ಮ ಉಳ್ಳಾಲದ ಲೆಕ್ಕವೇ ನಡೆಯುತ್ತದೆ. ಅಳಿವೆಯ ಕೆಸರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ಹತ್ತಿರ ಜೀವಂತ ಸಿಗಡಿ ಬಿಟ್ಟರೆ ಕೆಂಬೇರಿ ಸಿಗಬಹುದು. ಗಾಳದ ತಂಗೂಸು ದಾರ ದಪ್ಪದ್ದೇ ಇರಲಿ, ಕಚ್ಚಿದ ಕೂಡಲೇ ಬೇರಿನೊಳಗೆ ನುಗ್ಗುತ್ತದೆ.

ಬೈಂದೂರು ಹುಡುಗ · ಬುಧವಾರ ಬೆಳಿಗ್ಗೆ 7:40

ಲೈಫ್ ಜಾಕೆಟ್ ಮರೆಯಬೇಡಿ. ಹುಡುಗನ ಅಳತೆಯದ್ದು. ದೊಡ್ಡವರದ್ದು ಹಾಕಿದರೆ ತಲೆಯ ಮೇಲಿಂದ ಕಳಚಿ ಬರುತ್ತದೆ. ಮಲ್ಪೆಯಲ್ಲಿ ಬಲೆ, ಹಗ್ಗ ಮಾರುವ ಅಂಗಡಿಗಳಲ್ಲಿ ಕೇಳಿ ನೋಡಿ.

ಉಳ್ಳಾಲದ ಗಾಳ · ಮುಂದಿನ ಸೋಮವಾರ ರಾತ್ರಿ 8:45

ಹೋಗಿ ಬಂದೆವು. ಮೂವರೂ ಕ್ಷೇಮ. ಇಲ್ಲಿ ಹೇಳಿಕೊಟ್ಟವರಿಗೆಲ್ಲ ವರದಿ ಒಪ್ಪಿಸಬೇಕು ಅಲ್ವಾ?

ಶನಿವಾರ ಸಿದ್ದಾಪುರ ದಾಟುವ ಮೊದಲೇ ಒಬ್ಬರು ತೋಟದ ಯಜಮಾನರನ್ನು ಕೇಳಿ ಅವರ ಅಡಿಕೆ ತೋಟದ ಬದಿಯಿಂದ ಹೊಳೆಗೆ ಇಳಿದೆವು. ಮೊದಲು ಕಲ್ಲು ನೋಡಿದೆವು. ಹುಡುಗನೇ ಕಂದು ಪಟ್ಟಿ ಹುಡುಕಿದ. ಬೆರಳಲ್ಲಿ ಒರೆಸಿ ತೋರಿಸಿದ, ಹುಡಿಮಣ್ಣು ಅಂಟಿತ್ತು. ಆ ಪಟ್ಟಿಗಿಂತ ಎರಡು ಮೊಳ ಮೇಲೆ, ಒಂದು ಹೊಳೆಮತ್ತಿ ಮರದ ಬೇರಿನ ಮೇಲೆ ನಮ್ಮ ಠಿಕಾಣಿ. ಕಾರು ರಸ್ತೆಯ ಕಡೆ ಮುಖ ಮಾಡಿ ನಿಲ್ಲಿಸಿದೆವು.

ಆಮೇಲೆ ಅವನು ಅಡಿಕೆ ಸೋಗೆಯ ಮೂರು ಕಡ್ಡಿ ಮಾಡಿ ನೀರಿನ ಅಂಚಿನಿಂದ ಮೇಲಕ್ಕೆ ಒಂದೊಂದು ಗೇಣು ಬಿಟ್ಟು ನೆಟ್ಟ. ಇದು ಅವನದೇ ತಲೆ. ಮೊದಲ ಕಡ್ಡಿಯ ಬುಡ ಒದ್ದೆಯಾದರೆ ಗಾಳ ಸುತ್ತುವುದು, ಎರಡನೆಯದಕ್ಕೆ ಬಂದರೆ ಚೀಲ ಎತ್ತುವುದು, ಮೂರನೆಯದಕ್ಕೆ ಮೊದಲು ದಡದ ಮೇಲಿರುವುದು ಅಂತ ನಿಯಮ ಮಾಡಿದೆವು. ಹತ್ತು ನಿಮಿಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದ.

ಇಡೀ ಮಧ್ಯಾಹ್ನ ನೀರು ಇಳಿಯುತ್ತಲೇ ಇತ್ತು. ಎರಡು ಗುಂಡಿಗಳ ನಡುವಿನ ತೋಡಿನ ಬಾಯಿಯಲ್ಲಿ ಕೂತೆ. ನಾಲ್ಕೂವರೆ ನಂತರ ಒಂದು ಮುಗುಡು. ಹಾಲಾಡಿಯವರು ಹೇಳಿದ ಹಾಗೆಯೇ: ಬೆಂಡು ಎರಡು ಸಲ ನಡುಗಿತು, ನಾನು ಕೈ ಬಿಗಿ ಹಿಡಿದು ಕಾದೆ, ಮೂರನೆಯದಕ್ಕೆ ಬೆಂಡೇ ಕಾಣಲಿಲ್ಲ. ಅದನ್ನು ತೋಟದ ಯಜಮಾನರಿಗೆ ಕೊಟ್ಟೆವು. ಹುಡುಗ ಅಷ್ಟರಲ್ಲಿ ಬುತ್ತಿಯ ಡಬ್ಬದಲ್ಲಿ ಮರಿಮೀನು ತುಂಬಿಸಿ ಹೊಳೆಗೆ ಬಿಡುತ್ತಿದ್ದ. ನಲವತ್ತೇಳು ಅಂತ ಲೆಕ್ಕ ಇಟ್ಟಿದ್ದಾನೆ.

ನೀರು ಬಂದದ್ದು ಸಂಜೆ. ಈ ಸಲ ದಡದ ಮೇಲೆ ನಿಂತು ಪೂರ್ತಿ ನೋಡಿದೆ. ಮೊದಲು ಬದಲಾದದ್ದು ಶಬ್ದ. ಕಲ್ಲುಗಳ ನಡುವೆ ಗುಳುಗುಳು ಅನ್ನುತ್ತಿದ್ದದ್ದು ನಿಂತು, ಒಂದೇ ಸಮ ಉಸಿರು ಬಿಟ್ಟ ಹಾಗೆ ಆಯಿತು. ಆಮೇಲೆ ಒಣ ಎಲೆಗಳು ಬಂದವು, ಸ್ವಲ್ಪ ನೊರೆ. ಅದಾದ ಮೇಲೆ ನೀರು. ಹೋದ ವರ್ಷವೂ ಈ ಶಬ್ದ ಆಗಿರಬೇಕು, ನಾವು ಮಾತಾಡುತ್ತಾ ತಿನ್ನುತ್ತಿದ್ದೆವು. ಮಧ್ಯಾಹ್ನ ಹುಡುಗ ಕೂರಲು ಆಸೆಪಟ್ಟಿದ್ದ ನಡುವಿನ ಚಪ್ಪಟೆ ಕಲ್ಲು ಕಣ್ಣೆದುರೇ ಮುಳುಗಿತು. ಭಾವ ಮಗನ ಹೆಗಲ ಮೇಲೆ ಕೈ ಇಟ್ಟವರು ತುಂಬ ಹೊತ್ತು ತೆಗೆಯಲಿಲ್ಲ.

ಭಾನುವಾರ ಹೊನ್ನಾವರದವರು ಹೇಳಿದ ಹಾಗೆ ಮಿರ್ಜಾನ್ ಕಡೆ. ಎರಡು ಕೆಂಬೇರಿ, ನಾಲ್ಕು ಕಾಣೆ. ಒಂದು ಕೆಂಬೇರಿ ಅಂಗೈಯಷ್ಟೇ ಇತ್ತು, ಬಿಟ್ಟೆವು. ಪಕ್ಕದಲ್ಲೇ ಹೆಂಗಸರು ಸೊಂಟದ ನೀರಿನಲ್ಲಿ ಬೆಳಚು ತೆಗೆಯುತ್ತಿದ್ದರು, ದೋಣಿ ಅರ್ಧ ತುಂಬಿತ್ತು. ನಿಮ್ಮ ಅತ್ತೆಯ ಬುಟ್ಟಿ ನೆನಪಾಯಿತು.

ಹೊಳೆಬದಿ ಹಾಲಾಡಿ · ಸೋಮವಾರ ರಾತ್ರಿ 9:05

ಓದಿ ಹೊಟ್ಟೆ ತಂಪಾಯಿತು. ಹುಡುಗನ ಮೂರು ಕಡ್ಡಿಯ ಉಪಾಯ ನಾನೂ ಮಾಡುತ್ತೇನೆ. ಕಡ್ಡಿಗಳು ಎಷ್ಟೆಷ್ಟು ಹೊತ್ತಿಗೆ ಒದ್ದೆಯಾದವು ಅಂತ ಬರೆದಿಟ್ಟುಕೊಂಡಿದ್ದೀರಾ?

ಉಳ್ಳಾಲದ ಗಾಳ · ಸೋಮವಾರ ರಾತ್ರಿ 9:15

ಅವನೇ ಬರೆದಿದ್ದಾನೆ, ಶಾಲೆಯ ಪುಸ್ತಕದ ಹಿಂದಿನ ಹಾಳೆಯಲ್ಲಿ. ಮೊದಲ ಕಡ್ಡಿ 5:52. ಎರಡನೆಯದು 5:58. ಮೂರನೆಯದು 6:03. ಕಂದು ಪಟ್ಟಿಯ ತುದಿ ಮುಟ್ಟುವಾಗ 6:30, ಆಮೇಲೆ ಏರಲಿಲ್ಲ.

ಕರೆಂಟ್ ಅಣ್ಣ · ಮಂಗಳವಾರ ಬೆಳಿಗ್ಗೆ 6:30

ಮೊದಲ ಕಡ್ಡಿಯಿಂದ ಮೂರನೆಯದಕ್ಕೆ ಹನ್ನೊಂದು ನಿಮಿಷ. ಈ ದಾರಿಯಲ್ಲಿ ಹೋಗುವವರು ಇದನ್ನು ನೋಡಿಕೊಳ್ಳಿ. ಹುಡುಗನಿಗೆ ಹೇಳಿ, ಮುಂದಿನ ಸಲ ಹೋದಾಗಲೂ ಬರೆದಿಡಲಿ. ಆ ಹಾಳೆ ನನಗೂ ಬೇಕು.